ಹೀಲಿಯೋಸ್ ಮತದಾನ ಸೇವೆ: ಎಣಿಕೆಗೆ ಪೂರ್ತಿ ಅಂಕ, ಗುಪ್ತ ಕೂಟದ ಮುಂದೆ ಅರ್ಧ

ವಿದ್ಯಾರ್ಥಿ ಸಂಘದ ಚುನಾವಣೆ ಆನ್‌ಲೈನಿನಲ್ಲಿ ನಡೆಯಬೇಕು, ಕಾಸು ಖರ್ಚಾಗಬಾರದು, ಸೋತವರು ‘ಸರ್ವರ್‌ನಲ್ಲೇ ಮೋಸ ಆಗಿದೆ’ ಎಂದು ಗಲಾಟೆ ಎಬ್ಬಿಸಬಾರದು ಎಂದು ಹುಡುಕಹೊರಟವರಿಗೆ ಬೇಗ ಎದುರಾಗುವ ಹೆಸರುಗಳಲ್ಲಿ ಹೀಲಿಯೋಸ್ ಒಂದು. ಬೆನ್ ಅಡೀಡಾ 2008ರಲ್ಲಿ ಹೊರತಂದ ಉಚಿತ ವ್ಯವಸ್ಥೆ ಇದು. ಕೋಡ್ ಬಹಿರಂಗವಾಗಿದೆ, ಬೇಕಿದ್ದರೆ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದು. 2009ರಲ್ಲಿ ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ ತನ್ನ ಮುಖ್ಯಸ್ಥರನ್ನು ಇದರಲ್ಲೇ ಆರಿಸಿತು. ಸುಮಾರು 25,000 ಅರ್ಹರಲ್ಲಿ ಸುಮಾರು 5,000 ಮಂದಿ ನೋಂದಾಯಿಸಿಕೊಂಡಿದ್ದರು. ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಸರ್ಕಾರವೂ ಇದನ್ನು ಬಳಸಿದೆ. ಗೂಢಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ತನ್ನ ಪದಾಧಿಕಾರಿಗಳನ್ನು ಇದರ ಮೂಲಕವೇ ಆರಿಸುತ್ತ ಬಂದಿದೆ. ಆ ಸಂಘದವರೇ ನಂಬಿದ ಮೇಲೆ ಗಣಿತದ ಬಗ್ಗೆ ಉಳಿದವರು ತಕರಾರು ಎತ್ತುವುದು ಕಷ್ಟ.

ತಕರಾರು ಇರುವುದು ಬೇರೆ ಕಡೆ. ಒತ್ತಾಯ, ಬೆದರಿಕೆಗಳ ಭಯ ಅಷ್ಟಾಗಿ ಇಲ್ಲದ ಚುನಾವಣೆಗಳಿಗೆ ಮಾತ್ರ ಇದು ಸೂಕ್ತ ಎಂದು ಹೀಲಿಯೋಸ್ ಮಾಡಿದವರು ಮೊದಲ ಪ್ರಬಂಧದಲ್ಲೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಅಂಥ ಚುನಾವಣೆ ಎಂದರೆ ಯಾವುದು ಎನ್ನುವುದಕ್ಕೆ ಕೊಟ್ಟ ಪಟ್ಟಿಯಲ್ಲಿ ಊರಿನ ಕ್ಲಬ್ಬುಗಳು, ಆನ್‌ಲೈನ್ ಗುಂಪುಗಳ ಜೊತೆಗೆ ವಿದ್ಯಾರ್ಥಿ ಸರ್ಕಾರವೂ ಇದೆ. ಕಾಲೇಜಿನಲ್ಲಿ ಒತ್ತಾಯವೇ? ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಚರಿತ್ರೆ ಗೊತ್ತಿದ್ದವರು ಈ ಸಾಲು ಓದಿ ನಕ್ಕೇ ನಗುತ್ತಾರೆ.

ಟಸ್ಕಲೂಸಾ ಊರಿನ ಆ ಕ್ಯಾಂಪಸ್ಸಿನಲ್ಲಿ ‘ಮಷೀನ್’ ಎಂಬ ಗುಪ್ತ ಕೂಟವಿದೆ. ಬಿಳಿಯರ ಫ್ರಟರ್ನಿಟಿ, ಸೊರಾರಿಟಿಗಳು, ಅಂದರೆ ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ಹುಡುಗರ, ಹುಡುಗಿಯರ ಸಂಘಗಳ ಮನೆಗಳು, ಒಳಗೊಳಗೇ ಸೇರಿ ಅಭ್ಯರ್ಥಿಯನ್ನು ನಿರ್ಧರಿಸಿ ತಮ್ಮ ಸದಸ್ಯರ ಮತವನ್ನೆಲ್ಲ ಒಂದೇ ಕಡೆಗೆ ಸುರಿಯುವ ಏರ್ಪಾಡು. ಇದರ ಬೇರು ಥೀಟಾ ನೂ ಎಪ್ಸಿಲಾನ್ ಎಂಬ, 1870ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಂಘದಲ್ಲಿದೆ ಎನ್ನುತ್ತಾರೆ. ಅಲಬಾಮಾದ ವಿದ್ಯಾರ್ಥಿ ಸರ್ಕಾರದ ಅಧ್ಯಕ್ಷ ಪದವಿ ಬಹುತೇಕ ಇವರ ಮನೆಯ ಆಸ್ತಿಯೇ ಆಗಿತ್ತು. 1976ರಲ್ಲಿ ಕ್ಲಿಯೊ ಥಾಮಸ್, ಆ ಹುದ್ದೆಗೇರಿದ ಮೊದಲ ಕಪ್ಪು ವಿದ್ಯಾರ್ಥಿ, ಇವರನ್ನು ಮೀರಿ ಗೆದ್ದರು. 1986ರಲ್ಲಿ ಜಾನ್ ಮೆರಿಲ್ ಗೆದ್ದರು. ಆಮೇಲೆ ಹೊರಗಿನವರೊಬ್ಬರು ಗೆಲ್ಲಲು 2015ರವರೆಗೆ, ಎಲಿಯಟ್ ಸ್ಪಿಲ್ಲರ್ಸ್ ಬರುವವರೆಗೆ ಕಾಯಬೇಕಾಯಿತು. ನಡುವೆ 1993ರಲ್ಲಿ ಕೂಟದ ಬೆಂಬಲವಿಲ್ಲದೆ ನಿಂತಿದ್ದ ಅಭ್ಯರ್ಥಿಯೊಬ್ಬರ ಮೇಲೆ ಅವರ ಮನೆಯಲ್ಲೇ ಹಲ್ಲೆಯಾಯಿತು. ವಿಶ್ವವಿದ್ಯಾಲಯ ವಿದ್ಯಾರ್ಥಿ ಸರ್ಕಾರವನ್ನೇ ವಿಸರ್ಜಿಸಿ 1996ರವರೆಗೆ ಮುಚ್ಚಿಟ್ಟಿತು.

ಅಲಬಾಮಾದಲ್ಲಿ ಮತ ಹಾಕುವುದು ವಿಶ್ವವಿದ್ಯಾಲಯದ ಸ್ವಂತ ಪೋರ್ಟಲ್ಲಿನಲ್ಲಿ, ಹೀಲಿಯೋಸ್‌ನಲ್ಲಿ ಅಲ್ಲ. ಆದರೆ ಇಂಥದೊಂದು ಕೂಟ ಇರುವ ಕ್ಯಾಂಪಸ್ಸಿನಲ್ಲಿ ಹೀಲಿಯೋಸ್ ಏನು ತಡೆಯುತ್ತದೆ, ಏನು ತಡೆಯುವುದಿಲ್ಲ, ಯಾವ ಆಯ್ಕೆ ಒತ್ತಿದರೆ ಕೂಟಕ್ಕೇ ಅನುಕೂಲವಾಗುತ್ತದೆ ಎಂದು ನೋಡುವುದಕ್ಕೆ ಅದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ.

ಕೂಟ ಗೆಲ್ಲುವುದು ಹೇಗೆ

ಹೊರಗಿನವರು ಸಾಮಾನ್ಯವಾಗಿ ಎಣಿಸುವುದು ಗುಪ್ತ ಕೂಟ ಎಂದರೆ ಎಣಿಕೆಯಲ್ಲಿ ಕೈಯಾಡಿಸುತ್ತದೆ ಎಂದು. ಅದರ ಅಗತ್ಯವೇ ಬೀಳುವುದಿಲ್ಲ. ಲೆಕ್ಕ ಹಾಕಿ ನೋಡಿ: 10,000 ವಿದ್ಯಾರ್ಥಿಗಳಿದ್ದಾರೆ, ಕೂಟದ ಮನೆಗಳಲ್ಲಿ 1,500 ಜನ ಎಂದಿಟ್ಟುಕೊಳ್ಳಿ. ಅವರಲ್ಲಿ ನೂರಕ್ಕೆ 90 ಮಂದಿಯನ್ನು ಎಬ್ಬಿಸಿ ಮತ ಹಾಕಿಸಿದರೆ 1,350. ಉಳಿದ 8,500 ಜನರಲ್ಲಿ ನೂರಕ್ಕೆ 20 ಮಂದಿ ಮನಸ್ಸು ಮಾಡಿದರೆ 1,700. ಆ 1,700 ಇಬ್ಬರು ಸ್ವತಂತ್ರರ ನಡುವೆ 1,000 ಮತ್ತು 700 ಆಗಿ ಹಂಚಿಹೋದರೆ ಕೂಟದ ಅಭ್ಯರ್ಥಿ ಆರಾಮಾಗಿ ಅಧ್ಯಕ್ಷ. ಒಂದೇ ಒಂದು ಮತವೂ ಕಳ್ಳಮತವಲ್ಲ.

ಹಾಗಾಗಿ ಕೂಟಕ್ಕೆ ಬೇಕಾದದ್ದು ಎರಡೇ. ನಮ್ಮವರೆಲ್ಲ ಮತ ಹಾಕಿದರೇ ಎಂದು ತಿಳಿಯಬೇಕು. ಸಾಧ್ಯವಾದರೆ ಹೇಳಿದವರಿಗೇ ಹಾಕಿದರೇ ಎಂದೂ ತಿಳಿಯಬೇಕು. ಮೊದಲನೆಯದೇ ಮುಖ್ಯ. 2013ರಲ್ಲಿ ಟಸ್ಕಲೂಸಾ ನಗರದ ಶಾಲಾ ಮಂಡಳಿ ಚುನಾವಣೆಯಲ್ಲಿ, ಮತ ಹಾಕಿದ ವಿದ್ಯಾರ್ಥಿಗಳಿಗೆ ಪುಕ್ಕಟೆ ಪಾನೀಯದ ಆಮಿಷ, ಮತಗಟ್ಟೆಗೆ ಲಿಮೊಸಿನ್ ಸವಾರಿ ಇತ್ತೆಂಬ ಆರೋಪ ಕೇಳಿಬಂತು. ಗಮನಿಸಿ, ಯಾರಿಗೆ ಹಾಕಿದೆ ಎಂದು ಕೇಳುವ ಗೋಜೇ ಇಲ್ಲ. ಹಾಕಿ ಬಂದರೆ ಸಾಕು, ಮನೆಯ ವಾತಾವರಣ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಯಾವುದೇ ಮತದಾನ ಸೇವೆ ಕೊಳ್ಳುವ ಮುನ್ನ ಚುನಾವಣಾ ಸಮಿತಿ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮತದಾನ ನಡೆಯುತ್ತಿರುವಾಗ, ಯಾರು ಹಾಕಿದ್ದಾರೆ ಯಾರು ಹಾಕಿಲ್ಲ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ?

ಹೀಲಿಯೋಸ್‌ನಲ್ಲಿ ಅದು ಊರಿಗೆಲ್ಲ ಕಾಣಿಸಬಹುದು. ‘ಮತದಾರರು ಮತ್ತು ಮತಪತ್ರಗಳು’ ಪುಟ ತೆರೆದರೆ ಪ್ರತಿ ಮತದಾರರ ಹೆಸರು, ಪಕ್ಕದಲ್ಲಿ ಅವರ ಮತಪತ್ರದ ಟ್ರ್ಯಾಕರ್, ಅಂದರೆ 43 ಅಕ್ಷರ-ಅಂಕಿಗಳ ಒಂದು ಸಾಲು. ಮತ ಹಾಕದಿದ್ದರೆ ಆ ಜಾಗದಲ್ಲಿ ಬರೀ ಗೆರೆ. ಪಾರದರ್ಶಕತೆಗಾಗಿ ಮಾಡಿದ್ದು ನಿಜ. ನಿಮ್ಮ ಟ್ರ್ಯಾಕರ್ ಅಲ್ಲಿದೆಯೇ ಎಂದು ನೀವೇ ನೋಡಿಕೊಳ್ಳಬಹುದು, ಇಲ್ಲದ ಮತದಾರರನ್ನು ಸೇರಿಸಿದ್ದಾರೆಯೇ ಎಂದು ಯಾರಾದರೂ ಪರಿಶೀಲಿಸಬಹುದು. ಆದರೆ ಮಧ್ಯಾಹ್ನ ಮೂರಕ್ಕೆ ಮನೆಯ ಮುಖಂಡನೊಬ್ಬ ಈ ಪುಟ ತೆರೆದು, ಗೆರೆ ಇರುವ ಹೆಸರುಗಳನ್ನು ಬರೆದುಕೊಂಡು ಒಂದೊಂದೇ ಕೋಣೆಯ ಬಾಗಿಲು ಬಡಿಯಲು ಹೊರಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಬೇಕೇ?

ಇದಕ್ಕೆ ಔಷಧ ಒಂದೇ ಒಂದು ಚೌಕದಲ್ಲಿದೆ. ಚುನಾವಣೆ ಸೃಷ್ಟಿಸುವ ಮೊದಲ ಫಾರ್ಮಿನಲ್ಲೇ ‘ಮತದಾರರಿಗೆ ಅಡ್ಡಹೆಸರು ಬಳಸಿ’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಹೆಸರಿನ ಬದಲು ವಿ12, ವಿ13 ಎಂಬಂಥ ಗುರುತು ಮಾತ್ರ ಸಾರ್ವಜನಿಕರಿಗೆ ಕಾಣುತ್ತದೆ. ತಾನಾಗಿ ಇದು ಚಾಲೂ ಆಗಿರುವುದಿಲ್ಲ, ನೀವೇ ಒತ್ತಬೇಕು. ಬಣ ರಾಜಕೀಯ ಇರುವ ಕ್ಯಾಂಪಸ್ಸಿನಲ್ಲಿ ಇದನ್ನು ಮರೆತು ನಡೆಸಿದ ಚುನಾವಣೆಗಿಂತ ಕಾಗದದ ಚೀಟಿಯೇ ಮೇಲು.

ಇಟ್ಟುಕೊಳ್ಳಬೇಕಾದ ಎಚ್ಚರಗಳು

ಫಾರ್ಮ್ ಚಿಕ್ಕದು. ಜಾಲವಿಳಾಸದಲ್ಲಿ ಬರುವ ಕಿರುಹೆಸರು, ಪೂರ್ಣ ಹೆಸರು, ವಿವರಣೆ, ಚುನಾವಣೆಯೋ ಜನಮತ ಸಂಗ್ರಹವೋ ಎಂಬ ಬಗೆ, ಅಡ್ಡಹೆಸರು, ಉತ್ತರಗಳ ಅನುಕ್ರಮವನ್ನು ಕಲಸುವ ಆಯ್ಕೆ, ಖಾಸಗಿಯೇ ಎಂಬ ಆಯ್ಕೆ, ಶುರುವಾಗುವ ಮತ್ತು ಮುಗಿಯುವ ಸಮಯ. ಅನುಕ್ರಮ ಕಲಸುವುದನ್ನು ಖಂಡಿತ ಒತ್ತಿ: ‘ಎಲ್ಲದರಲ್ಲೂ ಮೇಲಿನಿಂದ ಎರಡನೆಯದು ಒತ್ತು’ ಎಂದು ಮನೆಮಂದಿಗೆಲ್ಲ ಸಂದೇಶ ಕಳಿಸುವವರ ಕೆಲಸ ಕೊಂಚವಾದರೂ ಕೆಡುತ್ತದೆ.

ಸಮಯದ ಕಲಂನಲ್ಲಿ ಎಡವುವವರು ಬಹಳ. ಅಲ್ಲಿ ತುಂಬಬೇಕಾದದ್ದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ, ನಿಮ್ಮ ಗಡಿಯಾರದ ಸಮಯವಲ್ಲ. ಭಾರತದಲ್ಲಿ ಬೆಳಿಗ್ಗೆ 9ಕ್ಕೆ ಶುರು, ಸಂಜೆ 5ಕ್ಕೆ ಮುಕ್ತಾಯ ಬೇಕಿದ್ದರೆ 03:30 ಮತ್ತು 11:30 ಎಂದು ಹಾಕಬೇಕು. ಅಮೆರಿಕದ ಮಧ್ಯ ವಲಯದಲ್ಲಿ ಚಳಿಗಾಲಕ್ಕೆ ಆರು ಗಂಟೆ ಕೂಡಿಸಬೇಕು. ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಮುಂದೆ ಹೋದ ಮೇಲೆ ಐದೇ ಗಂಟೆ. ಅಲ್ಲಿನ ವಿದ್ಯಾರ್ಥಿ ಚುನಾವಣೆಗಳು ಇದೇ ದಿನಗಳ ಆಸುಪಾಸಿನಲ್ಲಿ ಬರುವುದು ದುರದೃಷ್ಟ. ಒಂದು ಗಂಟೆ ಮೊದಲೇ ಮತಗಟ್ಟೆ ಮುಚ್ಚಿದರೆ ನಷ್ಟ ಆಗುವುದು ಕೊನೆಗಳಿಗೆಯಲ್ಲಿ ಬರುವ ಬಿಡಿ ಮತದಾರರಿಗೆ. ಕೂಟದವರು ಬೆಳಿಗ್ಗೆಯೇ ಮುಗಿಸಿರುತ್ತಾರೆ.

ಮತದಾರರ ಪಟ್ಟಿ ಸಿಎಸ್‌ವಿ ಕಡತ, ಅಂದರೆ ವಿವರಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ. ಒಂದು ಸಾಲಿಗೆ ಒಬ್ಬರು: ಲಾಗಿನ್ ಬಗೆ, ವಿಶಿಷ್ಟ ಗುರುತು, ಇಮೇಲ್, ಪೂರ್ಣ ಹೆಸರು. ಎಕ್ಸೆಲ್‌ನಲ್ಲಿ ಮಾಡಿದರೆ ಎರಡು ಅನಾಹುತ ಕಾದಿವೆ. ಸೊನ್ನೆಯಿಂದ ಶುರುವಾಗುವ ನೋಂದಣಿ ಸಂಖ್ಯೆಗಳ ಸೊನ್ನೆ ಹಾರಿಹೋಗುತ್ತದೆ, ಆದ್ದರಿಂದ ಆ ಕಲಂ ಅನ್ನು ಮೊದಲೇ ಪಠ್ಯ ಎಂದು ಬದಲಿಸಿ. ಉಳಿಸುವಾಗ ಯುಟಿಎಫ್-8 ಸಿಎಸ್‌ವಿ ಎಂದೇ ಆರಿಸಿ, ಇಲ್ಲವಾದರೆ ಇಂಗ್ಲಿಷೇತರ ಅಕ್ಷರದ ಹೆಸರುಗಳು ಚೌಕಗಳಾಗುತ್ತವೆ. ಲಾಗಿನ್ ಬಗೆಯಲ್ಲಿ ಪಾಸ್‌ವರ್ಡ್ ಎಂದು ಹಾಕಿದರೆ ಹೀಲಿಯೋಸ್ ಪ್ರತಿಯೊಬ್ಬರಿಗೂ ಗುರುತು, ಗುಪ್ತಪದಗಳನ್ನು ಇಮೇಲ್ ಮಾಡುತ್ತದೆ. ಸುಲಭ, ಆದರೆ ಅಪಾಯ ಇಲ್ಲೇ ಇದೆ: ‘ಬಂದ ಮೇಲ್ ಫಾರ್ವರ್ಡ್ ಮಾಡಿ, ನಾವೇ ಹಾಕುತ್ತೇವೆ’ ಎನ್ನುವವರಿಗೆ ಅಷ್ಟು ಸಾಕು. ವಿಶ್ವವಿದ್ಯಾಲಯದ ಸ್ವಂತ ಲಾಗಿನ್‌ಗೆ ಜೋಡಿಸಿದರೆ ವಿದ್ಯಾರ್ಥಿ ತನ್ನ ಅಂಕಪಟ್ಟಿ, ಮೇಲ್ ಎಲ್ಲ ತೆರೆಯುವ ಕೀಲಿಯನ್ನೇ ಬಿಟ್ಟುಕೊಡಬೇಕಾಗುತ್ತದೆ; ಅದಕ್ಕೆ ಯಾರೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಇದಕ್ಕೆ ಸ್ವಂತ ಸರ್ವರ್ ಬೇಕಾದೀತು. ಕಂಪ್ಯೂಟರ್ ವಿಭಾಗದವರಿಗೆ ಕೆಲಸ ಕೊಡಿ.

ಅಡ್ಮಿನ್ ಯಾರಾಗಬೇಕು ಎನ್ನುವುದನ್ನು ಹೆಚ್ಚಿನ ಸಮಿತಿಗಳು ಕ್ಷುಲ್ಲಕವೆಂದು ಬಿಟ್ಟುಬಿಡುತ್ತವೆ. ಅಡ್ಡಹೆಸರು ಇಟ್ಟರೂ ಅಡ್ಮಿನ್‌ಗೆ ಎಲ್ಲರ ನಿಜ ಹೆಸರು ಕಾಣುತ್ತದೆ. ಮೇಲ್ ಕಳಿಸುವ ಪುಟದಲ್ಲಿ ‘ಎಲ್ಲರಿಗೂ’, ‘ಮತ ಹಾಕಿದವರಿಗೆ’, ‘ಇನ್ನೂ ಹಾಕದವರಿಗೆ’ ಎಂದು ಮೂರು ಆಯ್ಕೆ. ಜ್ಞಾಪಿಸಲು ಬಹಳ ಉಪಯುಕ್ತ. ಅದೇ ಅಡ್ಮಿನ್ ಕೂಟದ ಮನೆಯೊಂದರ ಸದಸ್ಯನಾದರೆ, ತಾಸಿಗೊಮ್ಮೆ ಮತದಾನದ ವರದಿ ಕೂಟದ ಕೈಗೆ ತಲುಪುತ್ತಿರುತ್ತದೆ. ವಿದ್ಯಾರ್ಥಿ ಚುನಾವಣಾ ಸಮಿತಿಗೆ ಸದಸ್ಯರನ್ನು ನೇಮಿಸುವುದು ಗೆದ್ದ ವಿದ್ಯಾರ್ಥಿ ಸರ್ಕಾರವೇ ಆದ ಕಡೆ ಇದು ಬರೀ ಊಹೆಯ ಮಾತಲ್ಲ. ಅಡ್ಮಿನ್ ಖಾತೆ ಕುಲಸಚಿವರ ಕಚೇರಿಯಲ್ಲಿರಲಿ. ಸಮಿತಿಗೆ ಒಟ್ಟು ಎಷ್ಟು ಮತ ಬಿದ್ದಿದೆ ಎಂಬ ಸಂಖ್ಯೆಯಷ್ಟೇ ಸಿಗಲಿ.

ಟ್ರಸ್ಟಿಗಳ ವಿಷಯಕ್ಕೆ ಬಂದರೆ ಇನ್ನೂ ಸೂಕ್ಷ್ಮ. ಮತಗಳೆಲ್ಲ ಎಲ್‌ಗಮಾಲ್ ಎಂಬ ಗೂಢಲಿಪಿ ವಿಧಾನದಲ್ಲಿ ಬೀಗ ಹಾಕಿಕೊಂಡೇ ಸರ್ವರ್‌ಗೆ ಹೋಗುತ್ತವೆ, ಆ ಬೀಗದ ಗುಪ್ತಕೀಲಿ ಟ್ರಸ್ಟಿಗಳ ನಡುವೆ ಹಂಚಿರುತ್ತದೆ. ಏನೂ ಮಾಡದಿದ್ದರೆ ಹೀಲಿಯೋಸ್ ಒಂದೇ ಟ್ರಸ್ಟಿ. ಬೇರೆಯವರನ್ನು ಸೇರಿಸಿದರೆ ಪ್ರತಿಯೊಬ್ಬರೂ ತಮ್ಮ ಬ್ರೌಸರ್‌ನಲ್ಲಿ ಕೀಲಿ ಸೃಷ್ಟಿಸಿ ಗುಪ್ತ ಭಾಗವನ್ನು ತಾವೇ ಉಳಿಸಿಕೊಳ್ಳಬೇಕು. ಫಲಿತಾಂಶ ಹೊರಬೀಳಲು ಅವರೆಲ್ಲರೂ ಬರಲೇಬೇಕು. ಐವರಲ್ಲಿ ಮೂವರು ಬಂದರೆ ಸಾಕು ಎಂಬ ವಿನಾಯಿತಿ ಇಲ್ಲ. ಒಬ್ಬರ ಲ್ಯಾಪ್‌ಟಾಪ್ ಕೆಟ್ಟರೆ ಚುನಾವಣೆ ಅಲ್ಲಿಗೇ ಮುಗಿಯಿತು. ಬಣಕ್ಕೆ ಸೇರಿದ ಟ್ರಸ್ಟಿಯೊಬ್ಬ ಸೋಲಿನ ವಾಸನೆ ಹಿಡಿದು ‘ಕೀಲಿ ಕಳೆದುಹೋಯಿತು’ ಎಂದರೂ ಅಷ್ಟೇ. ಆದ್ದರಿಂದ ಹೀಲಿಯೋಸ್ ಜೊತೆಗೆ ಇಬ್ಬರಿಗಿಂತ ಹೆಚ್ಚು ಬೇಡ. ಕೀಲಿಯನ್ನು ಪೆನ್‌ಡ್ರೈವಿನಲ್ಲಿ ಒಂದು, ಮುದ್ರಿಸಿದ ಕಾಗದದಲ್ಲಿ ಒಂದು ಪ್ರತಿ ಮಾಡಿಸಿ ಮುದ್ರೆ ಹಾಕಿದ ಲಕೋಟೆಯಲ್ಲಿ ಇಡಿಸಿ. ಕೀಲಿ ಸರಿಯಾಗಿ ಉಳಿದಿದೆಯೇ ಎಂದು ಪರೀಕ್ಷಿಸುವ ಪುಟ ಟ್ರಸ್ಟಿಗಳಿಗಿದೆ, ಅದನ್ನು ಚುನಾವಣೆ ಫ್ರೀಜ್ ಮಾಡುವ ಮೊದಲೇ ಎದುರಿಗೆ ಕೂರಿಸಿ ಮಾಡಿಸಿ. ಫ್ರೀಜ್ ಆದ ಮೇಲೆ ಪ್ರಶ್ನೆಗಳನ್ನಾಗಲಿ ಟ್ರಸ್ಟಿಗಳನ್ನಾಗಲಿ ಬದಲಿಸಲು ಬರುವುದಿಲ್ಲ.

ಮತ ಹಾಕುವಾಗ

ವಿದ್ಯಾರ್ಥಿಗೆ ಕಾಣುವುದು ಮೂರು ಹೆಜ್ಜೆ: ಆಯ್ಕೆ, ಪರಿಶೀಲನೆ, ಸಲ್ಲಿಕೆ. ಪರದೆಯ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿ. ಪರಿಶೀಲನೆಯ ಹಂತದಲ್ಲಿ ಬೀಗ ಬಿದ್ದ ಮತಪತ್ರದ ಟ್ರ್ಯಾಕರ್ ಸಿಗುತ್ತದೆ. ಅಲ್ಲೇ ‘ಆಡಿಟ್’ ಎಂಬ ಸಣ್ಣ ಕೊಂಡಿ. ಅದನ್ನು ಒತ್ತಿದರೆ ಆ ಮತಪತ್ರ ಪೂರ್ತಿ ಬಿಚ್ಚಿಕೊಳ್ಳುತ್ತದೆ, ನಿಮ್ಮ ಆಯ್ಕೆಯನ್ನೇ ಬೀಗದೊಳಗೆ ಇಟ್ಟಿದೆಯೇ ಎಂದು ಬೇರೆ ಸಾಧನದಲ್ಲಿ ಪರೀಕ್ಷಿಸಬಹುದು. ಬಿಚ್ಚಿದ ಮತಪತ್ರ ರದ್ದು. ಹೊಸದಾಗಿ ಬೀಗ ಹಾಕಿ ಸಲ್ಲಿಸಬೇಕು. ಯಾರು ಆಡಿಟ್ ಮಾಡುತ್ತಾರೋ ಯಾರು ನೇರ ಸಲ್ಲಿಸುತ್ತಾರೋ ಬ್ರೌಸರ್‌ಗೆ ಮುಂಚಿತವಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಮೋಸ ಮಾಡಲು ಹೋದ ತಂತ್ರಾಂಶ ಸಿಕ್ಕಿಬೀಳುತ್ತದೆ. ಚೆಂದದ ಉಪಾಯ. ಆದರೆ ಸಾಮಾನ್ಯ ಮತದಾರ ಆ ಕೊಂಡಿಯತ್ತ ತಿರುಗಿಯೂ ನೋಡುವುದಿಲ್ಲ. ಕ್ಯಾಂಪಸ್ ಪತ್ರಿಕೆಯವರೋ ಕಂಪ್ಯೂಟರ್ ವಿದ್ಯಾರ್ಥಿಗಳೋ ಒಂದು ಹತ್ತಿಪ್ಪತ್ತು ಆಡಿಟ್ ಮಾಡುವಂತೆ ಮೊದಲೇ ಗೊತ್ತುಮಾಡಿಡಿ.

ಇನ್ನು ಒತ್ತಾಯ. ಒಂದಕ್ಕಿಂತ ಹೆಚ್ಚು ಸಲ ಮತ ಹಾಕಬಹುದು, ಕೊನೆಯದಷ್ಟೇ ಲೆಕ್ಕಕ್ಕೆ ಎನ್ನುವುದು ಹೀಲಿಯೋಸ್ ನಿಯಮ. ಮನೆಯ ಹಜಾರದಲ್ಲಿ ಎಲ್ಲರನ್ನೂ ಕೂರಿಸಿ ಹಾಕಿಸಿದರೂ ರಾತ್ರಿ ಗ್ರಂಥಾಲಯದಲ್ಲಿ ಕುಳಿತು ಬದಲಿಸಬಹುದಲ್ಲ ಎಂದು ಸಮಾಧಾನವಾಗುತ್ತದೆ. ಇಲ್ಲೊಂದು ತೊಡಕಿದೆ. ಹೊಸ ಮತ ಬಿದ್ದ ಕೂಡಲೇ ಸಾರ್ವಜನಿಕ ಪುಟದಲ್ಲಿ ಟ್ರ್ಯಾಕರ್ ಬದಲಾಗುತ್ತದೆ. ಹಜಾರದಲ್ಲಿ ಟ್ರ್ಯಾಕರ್‌ನ ಸ್ಕ್ರೀನ್‌ಶಾಟ್ ತೆಗೆದುಕೊಂಡವರು ಮರುದಿನ ಅದೇ ಸಾಲನ್ನು ಹುಡುಕಿದರೆ ಸಿಗುವುದಿಲ್ಲ, ವಿಷಯ ಬಯಲು. ಅಡ್ಡಹೆಸರು ಇಲ್ಲಿ ಕೈಹಿಡಿಯುವುದಿಲ್ಲ. ಇದಕ್ಕೆ ಹೀಲಿಯೋಸ್ ಹತ್ತಿರ ಉತ್ತರವಿಲ್ಲ, ಇದೆ ಎಂದು ಅದು ಹೇಳಿಕೊಂಡದ್ದೂ ಇಲ್ಲ. ಮೊದಲ ಆವೃತ್ತಿಯಲ್ಲಿ ‘ನನ್ನನ್ನು ಒತ್ತಾಯಿಸಿ’ ಎಂಬ ಗುಂಡಿಯನ್ನೇ ಇಟ್ಟು ಈ ದೌರ್ಬಲ್ಯವನ್ನು ಮತದಾರರ ಮುಖಕ್ಕೇ ತೋರಿಸಿದ್ದರು. ಇಷ್ಟು ನೇರವಾಗಿ ತನ್ನ ಕುಂದು ಹೇಳಿಕೊಳ್ಳುವ ಸಾಫ್ಟ್‌ವೇರ್ ಅಪರೂಪ.

ಒಂದು ವಿಷಯದಲ್ಲಿ ಮಾತ್ರ ಇದು ಕೂಟದ ಕೈ ಕಟ್ಟುತ್ತದೆ, ಇದನ್ನು ಹೊಗಳುವವರೂ ಗಮನಿಸುವುದು ಕಡಿಮೆ. ಹತ್ತಾರು ಹುದ್ದೆಗಳಿರುವ ಉದ್ದನೆಯ ಮತಪತ್ರದಲ್ಲಿ ಹಳೆಯ ಒಂದು ತಂತ್ರವಿದೆ: ಅಧ್ಯಕ್ಷ ಸ್ಥಾನಕ್ಕೆ ನಮ್ಮವರು, ಸಣ್ಣಪುಟ್ಟ ಹುದ್ದೆಗಳಿಗೆ ಒಬ್ಬೊಬ್ಬರಿಗೂ ಒಂದೊಂದು ವಿಚಿತ್ರ ಜೋಡಣೆ ಹೇಳಿಕೊಡುವುದು, ಎಣಿಕೆಯಲ್ಲಿ ಆ ಜೋಡಣೆ ಬಂತೇ ಎಂದು ನೋಡುವುದು. ಬಾರದಿದ್ದರೆ ಇವನು ಮಾತು ತಪ್ಪಿದ ಎಂದು ಗೊತ್ತಾಗುತ್ತದೆ. ಹೀಲಿಯೋಸ್‌ನ ಎರಡನೇ ಆವೃತ್ತಿಯಿಂದ ಈಚೆಗೆ ಬೀಗ ಹಾಕಿದ ಮತಗಳನ್ನು ಹಾಗೇ ಕೂಡಿ, ಮೊತ್ತವನ್ನು ಮಾತ್ರ ಬಿಚ್ಚುತ್ತಾರೆ. ಎಣಿಕೆಯಲ್ಲಿ ಬಿಡಿ ಮತಪತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಜೋಡಣೆಯ ತಂತ್ರ ಸತ್ತಹಾಗೆಯೇ. ಆದರೆ ಮತದಾರರನ್ನು ಹಾಸ್ಟೆಲ್‌ವಾರು, ಮನೆವಾರು ಬೇರೆಬೇರೆ ಚುನಾವಣೆಗಳಾಗಿ ಒಡೆದರೆ ಈ ಲಾಭವೆಲ್ಲ ನೀರುಪಾಲು: ನಲವತ್ತು ಜನರ ಮನೆಯಿಂದ ಮೂವತ್ತೇಳು ಮತ ಬಂದರೆ ಉಳಿದ ಮೂವರಿಗಾಗಿ ಹುಡುಕಾಟ ಅಂದೇ ಶುರು.

ಮತ ಹಂಚಿಹೋಗುವ ಸಮಸ್ಯೆಗೂ ಇಲ್ಲೇ ಒಂದು ದಾರಿಯಿದೆ. ಹೀಲಿಯೋಸ್‌ನಲ್ಲಿ ಒಂದು, ಎರಡು, ಮೂರು ಎಂದು ಶ್ರೇಯಾಂಕ ಕೊಡುವ ಮತಪತ್ರ ಇಲ್ಲ, ಇದು ದೊಡ್ಡ ಕೊರತೆ. ಆದರೆ ಪ್ರಶ್ನೆ ಬರೆಯುವಾಗ ಕನಿಷ್ಠ, ಗರಿಷ್ಠ ಎಷ್ಟು ಉತ್ತರ ಆರಿಸಬಹುದು ಎಂದು ನಿಗದಿಪಡಿಸಬಹುದು. ಗರಿಷ್ಠ ಮಿತಿ ತೆಗೆದರೆ ಮತದಾರರು ಒಪ್ಪಿಗೆಯಾದ ಎಲ್ಲರಿಗೂ ಟಿಕ್ ಹಾಕಬಹುದು. ಮೇಲಿನ ಲೆಕ್ಕದಲ್ಲಿ ಆ 1,700 ಮಂದಿಯಲ್ಲಿ ಅರ್ಧದಷ್ಟು ಜನ ಇಬ್ಬರು ಸ್ವತಂತ್ರರಿಗೂ ಟಿಕ್ ಹಾಕಿದರೆ ಮೊದಲನೆಯವರ 1,000ಕ್ಕೆ ಎರಡನೆಯವರ ಕಡೆಯಿಂದ 350 ಸೇರಿ 1,350. ಅಂದರೆ ಕೂಟದೊಂದಿಗೆ ಸಮಸಮ. ಇನ್ನೊಂದೇ ಮತ ಬಂದರೆ ಗೆಲುವು. ಸಂಘದ ನಿಯಮಾವಳಿ ಇದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ಅರ್ಧಕ್ಕಿಂತ ಹೆಚ್ಚು ಮತ ಕಡ್ಡಾಯ ಮಾಡಿ, ಮೊದಲಿಬ್ಬರ ನಡುವೆ ಎರಡನೇ ಸುತ್ತು ನಡೆಸಿ. ಅದೇ ಪಟ್ಟಿ ಹಾಕಿ ಹೊಸ ಚುನಾವಣೆ ಸೃಷ್ಟಿಸುವುದು ಒಂದು ಗಂಟೆಯ ಕೆಲಸವೂ ಅಲ್ಲ.

ಯಾರಿಗೆ ಸರಿ, ಯಾರಿಗೆ ಬೇಡ

ಇಲಾಖೆಯ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ವಿದೇಶದ ಕನ್ನಡ ಕೂಟದ ಕಾರ್ಯಕಾರಿ ಸಮಿತಿ, ಇಂಥವಕ್ಕೆ ಹೀಲಿಯೋಸ್ ಧಾರಾಳವಾಗಿ ಸಾಕು. ಕರ್ನಾಟಕದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ಮೂರು ದಶಕ ದಾಟಿದೆ. ಮುಂದೆಂದಾದರೂ ಮತ್ತೆ ಶುರುವಾದರೆ ಲಿಂಗ್ಡೊ ಸಮಿತಿಯ 2006ರ ನಿಯಮಗಳು ಜೊತೆಗೇ ಬರುತ್ತವೆ. ಅವು ಒಬ್ಬ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕುತ್ತವೆ, ನೂರಕ್ಕೆ 75ರ ಹಾಜರಾತಿ ಕೇಳುತ್ತವೆ. ಜಾತಿ ಹಾಸ್ಟೆಲ್ಲಿನ ಊಟದ ಮನೆಯಲ್ಲಿ ರಾತ್ರಿ ತೀರ್ಮಾನವಾಗುವ ಮತಗಳನ್ನು ಅವೂ ಮುಟ್ಟುವುದಿಲ್ಲ.

ಬಣದ ಹಿಡಿತ ಬಲವಾಗಿರುವ ಕಡೆ ಫ್ರಾನ್ಸಿನ ನಾನ್ಸಿಯ ಸಂಶೋಧಕರು ಹೀಲಿಯೋಸ್‌ನಿಂದಲೇ ಬೆಳೆಸಿದ ಬೆಲೆನಿಯೋಸ್ ನೋಡುವುದು ಲೇಸು. ಅದೂ ಉಚಿತ. ಲಾಗಿನ್ ಅಲ್ಲದೆ ಪ್ರತಿ ಮತದಾರರಿಗೂ ಪ್ರತ್ಯೇಕ ಸಂಕೇತವೊಂದು ಬೇಕು, ಹಾಗಾಗಿ ಸರ್ವರ್ ನಡೆಸುವವರೇ ಮತ ಹಾಕದವರ ಹೆಸರಿನಲ್ಲಿ ಮತ ತುರುಕಲು ಆಗದು. ಟ್ರಸ್ಟಿಗಳಲ್ಲಿ ಇಂತಿಷ್ಟು ಜನ ಬಂದರೆ ಸಾಕು ಎಂಬ ಸೌಲಭ್ಯವಿದೆ. ಶ್ರೇಯಾಂಕದ ಮತಪತ್ರವೂ ಇದೆ, ಆದರೆ ಅದನ್ನು ಬಳಸಿದರೆ ಮತಪತ್ರಗಳನ್ನು ಕಲಸಿ ಒಂದೊಂದಾಗಿ ಬಿಚ್ಚಬೇಕಾಗುತ್ತದೆ, ಜೋಡಣೆಯ ತಂತ್ರ ಹಿಂಬಾಗಿಲಿಂದ ಮತ್ತೆ ಬರುತ್ತದೆ. ಹಜಾರದಲ್ಲಿ ಕೂರಿಸಿ ಮತ ಹಾಕಿಸುವುದನ್ನು ಇದೂ ತಡೆಯದು. ಅದು ನಡೆಯುವುದು ಖಚಿತವಿದ್ದರೆ ಪರದೆ ಕಟ್ಟಿದ ಗೂಡಿನಲ್ಲಿ, ಫೋನ್ ಹೊರಗಿಟ್ಟು ಹಾಕುವ ಕಾಗದದ ಮತವೇ ದಾರಿ.

ಹೀಲಿಯೋಸ್‌ನಲ್ಲೇ ನಡೆಸಿದವರು ಫಲಿತಾಂಶದ ಸಂಭ್ರಮದಲ್ಲಿ ಮರೆಯಬಾರದ ಕೆಲಸ ಒಂದಿದೆ. ಟ್ರಸ್ಟಿಗಳೆಲ್ಲರೂ ಕೈಜೋಡಿಸಿದರೆ ಯಾವ ಮತದಾರರ ಮತವನ್ನಾದರೂ ಬಿಡಿಯಾಗಿ ಬಿಚ್ಚಬಹುದು, ಹೆಸರಿನ ಸಮೇತ. ಹೀಲಿಯೋಸ್ ತಾನೂ ಒಬ್ಬ ಟ್ರಸ್ಟಿಯಾಗಿ ಉಳಿದಿದ್ದರೆ ಅಷ್ಟು ಸುಲಭವಲ್ಲ, ಸ್ವಂತ ಸರ್ವರ್ ಆದರೆ ಆ ಭಾಗವೂ ನಿಮ್ಮ ಕೈಯಲ್ಲೇ. ತಕರಾರು ಸಲ್ಲಿಸುವ ಗಡುವು ಮುಗಿದ ದಿನ ಪೆನ್‌ಡ್ರೈವ್, ಮುದ್ರಿತ ಪ್ರತಿ ಎರಡನ್ನೂ ಎಲ್ಲ ಅಭ್ಯರ್ಥಿಗಳ ಎದುರಿಗೇ ನಾಶಮಾಡಿ, ಸಹಿ ತೆಗೆದುಕೊಳ್ಳಿ.